ಗೋಡೆಯೊಳಗೆ 4000 ವೋಲ್ಟ್, ಎಚ್ಚರಿಕೆ ಮಾತ್ರ ಪರಭಾಷೆಯಲ್ಲಿ!

ಕನ್ನಡಿಗರೇ, ನಿಮ್ಮ ಮನೆಯಲ್ಲೋ ನೀವು ಕೆಲಸ ಮಾಡುವ ಮನೆಯಲ್ಲೋ ಗೋಡೆಯ ಕಪಾಟಿನೊಳಗೆ ಕೂರಿಸಿದ ಓವನ್ ಇದ್ದರೆ ಒಮ್ಮೆ ಅದರ ಬಾಗಿಲು ತೆಗೆದು ಅಂಚನ್ನು ನೋಡಿ. ಎಚ್ಚರಿಕೆಯ ಚೀಟಿಯೊಂದು ಅಂಟಿಕೊಂಡಿರುತ್ತದೆ. ಅದರಲ್ಲಿ ಇಂಗ್ಲಿಷ್ ಕಾಣುತ್ತದೆ. ಕೆಲವದರಲ್ಲಿ ಜರ್ಮನ್, ಫ್ರೆಂಚ್ ಕೂಡ ಕಾಣಬಹುದು. ಕನ್ನಡ? ಹುಡುಕಿ, ಸಿಕ್ಕರೆ ನಮಗೂ ತಿಳಿಸಿ!

ಆ ಚೀಟಿ ಹೇಳುವ ಮಾತು ಸಣ್ಣದೇನಲ್ಲ. ಇದರ ಹೊರಕವಚ ಬಿಚ್ಚಿದರೆ ಜೀವಕ್ಕೆ ಅಪಾಯ ಎಂದು ಅದು ಹೇಳುತ್ತದೆ. ಜೀವ ಹೋಗುವ ಸುದ್ದಿಯನ್ನು ಜೀವ ಇರುವವನ ಭಾಷೆಯಲ್ಲಿ ಹೇಳಬೇಡವೇ? ಈ ಲೇಖನದ ಪ್ರಶ್ನೆ ಅಷ್ಟೇ. ಆದರೆ ಬರೀ ಪ್ರಶ್ನೆ ಕೇಳಿ ಕೈತೊಳೆದುಕೊಂಡರೆ ನಿಮಗೇನು ಲಾಭ? ಕಂಪನಿಯವರು ಕನ್ನಡದಲ್ಲಿ ಹೇಳದ್ದನ್ನು ಮೊದಲು ನಾವೇ ಹೇಳಿಬಿಡೋಣ. ಜಗಳ ಆಮೇಲೆ.

ಒಳಗೆ ಇರುವುದೇನು?

ಈ ಯಂತ್ರ ಎರಡು ಬಗೆಯ ಒಲೆಗಳ ಜೋಡಿ. ಒಂದು ಹಳೆಯ ಕಾಲದ ಬೇಕರಿ ಒಲೆಯ ತಮ್ಮ. ಕಾಯುವ ಸುರುಳಿ ಇರುತ್ತದೆ, ಬಿಸಿಗಾಳಿ ತಿರುಗಿಸುವ ಫ್ಯಾನ್ ಇರುತ್ತದೆ. ಇನ್ನೊಂದು ಮೈಕ್ರೊವೇವ್. ಅಮೆರಿಕದ ಮನೆಗಳಲ್ಲಿ ಮೇಲೊಂದು ಕೆಳಗೊಂದು ಎಂದು ಎರಡು ಗೂಡುಗಳಿರುವ ಓವನ್ ಹೆಚ್ಚು. ನಮ್ಮಲ್ಲಿ ಸಾಮಾನ್ಯವಾಗಿ ಎರಡೂ ಕೆಲಸವನ್ನು ಒಂದೇ ಗೂಡಿನಲ್ಲಿ ಮಾಡುವುದು ಸಿಗುತ್ತದೆ.

ಮೈಕ್ರೊವೇವ್‌ನ ಹೃದಯ ಮ್ಯಾಗ್ನೆಟ್ರಾನ್. ಅದು ಎರಡನೇ ಮಹಾಯುದ್ಧದ ರೇಡಾರ್‌ಗಳಲ್ಲಿ ದುಡಿದ ಕೊಳವೆ. ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ ಇದರಿಂದ ಅಡುಗೆ ಬೇಯಿಸಬಹುದೆಂದು ಕಂಡು 1945ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ. ಆ ಕೊಳವೆಗೆ ನಮ್ಮ ಮನೆಯ 230 ವೋಲ್ಟ್ ಸಾಲದು. ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್, ಡಯೋಡ್ ಸೇರಿ ಅದನ್ನು ಸುಮಾರು 4000 ವೋಲ್ಟ್‌ಗೆ ಏರಿಸುತ್ತವೆ. ಇಲ್ಲೇ ಇರುವುದು ಯಮಪಾಶ! ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರ್ ಕರೆಂಟನ್ನು ಹಿಡಿದಿಟ್ಟುಕೊಂಡಿರಬಹುದು. ಅದನ್ನು ನಿಧಾನವಾಗಿ ಖಾಲಿ ಮಾಡಲು ಒಳಗೊಂದು ರೆಸಿಸ್ಟರ್ ಇಟ್ಟಿರುತ್ತಾರೆ. ಆ ರೆಸಿಸ್ಟರ್ ಕೆಟ್ಟಿದ್ದರೆ ಹೊರಗಿನಿಂದ ನಿಮಗೆ ಹೇಗೆ ಗೊತ್ತಾಗುತ್ತದೆ?

‘ಪ್ಲಗ್ ತೆಗೆದಾಯ್ತಲ್ಲ, ಇನ್ನೇನು ಭಯ’ ಎಂದು ಸ್ಕ್ರೂಡ್ರೈವರ್ ಹಿಡಿಯುವ ನಮ್ಮ ಹುಡುಗರು ಇದನ್ನು ಎರಡು ಸಲ ಓದಬೇಕು. ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿದ ಕೈಗೆ ಇದು ಹೊಸ ಲೋಕ.

ಕವಚ ಬಿಚ್ಚದೆ ನೀವೇ ನೋಡಬಹುದಾದದ್ದು

ಓವನ್ ನಿಂತಿತು ಎಂದರೆ ಕೆಟ್ಟೇಹೋಯಿತು ಎಂದು ಅರ್ಥವಲ್ಲ. ಮೆಕ್ಯಾನಿಕ್‌ಗೆ ಫೋನ್ ಮಾಡಿ ಬಂದು ಹೋದ ಖರ್ಚು ಕೊಡುವ ಮೊದಲು ಇವಿಷ್ಟು ನೋಡಿ.

ಕರೆಂಟ್ ಹೋಗಿ ಬಂದ ಮೇಲೆ ಗಡಿಯಾರದ ಅಂಕಿ ಮಿಟುಕುತ್ತಿದೆಯೇ? ಗೋಡೆಯೊಳಗೆ ಕೂರಿಸುವ ಅನೇಕ ಓವನ್‌ಗಳು ಗಡಿಯಾರಕ್ಕೆ ವೇಳೆ ಕೂರಿಸುವ ತನಕ ಕಾಯುವುದೇ ಇಲ್ಲ. ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ಊರಿನಲ್ಲಿ ಇದೇ ದೊಡ್ಡ ರೋಗ! ವೇಳೆ ಕೂರಿಸಿದರೆ ಗುಣ. ಬೀಗದ ಅಥವಾ ಬೀಗದಕೈಯ ಚಿತ್ರ ಕಾಣುತ್ತಿದ್ದರೆ ಮಕ್ಕಳು ಮುಟ್ಟದಿರಲೆಂದು ಹಾಕುವ ಲಾಕ್ ಬಿದ್ದಿದೆ. ಹೊಸ ಓವನ್, ದೀಪ ಹತ್ತುತ್ತದೆ, ಅಂಕಿ ಓಡುತ್ತದೆ, ಆದರೆ ಕಾಯುವುದಿಲ್ಲ ಎಂದರೆ ಅಂಗಡಿಯಲ್ಲಿ ತೋರಿಸಲು ಹಾಕಿದ ಡೆಮೊ ಮೋಡ್ ಹಾಗೇ ಉಳಿದಿರಬಹುದು.

ಪೂರ್ತಿ ಸತ್ತಂತಿದ್ದರೆ ಮೊದಲು ಬೋರ್ಡಿನ ಎಂಸಿಬಿ ನೋಡಿ. ಅದು ಬಿದ್ದಿರದಿದ್ದರೆ ಅದೇ ಸಾಕೆಟ್‌ಗೆ ಇಸ್ತ್ರಿಪೆಟ್ಟಿಗೆ ಹಾಕಿ ಪರೀಕ್ಷಿಸಿ. ಪ್ಲಗ್‌ನ ಕಾಲು ಕಪ್ಪಾಗಿದ್ದರೆ, ಸುಟ್ಟ ವಾಸನೆ ಇದ್ದರೆ ಮತ್ತೆ ಹಾಕಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ಈ ಓವನ್‌ಗಳಲ್ಲಿ ಕೆಲವು 3000 ವ್ಯಾಟ್ ಮೀರಿ ಎಳೆಯುತ್ತವೆ. 16 ಆಂಪ್ ಸಾಕೆಟ್‌ನ ಮಿತಿ 230 ವೋಲ್ಟ್‌ನಲ್ಲಿ 3680 ವ್ಯಾಟ್. ಅದೇ ಲೈನಿಗೆ ಗೀಸರನ್ನೋ ಫ್ರಿಜ್ಜನ್ನೋ ಸೇರಿಸಿದರೆ ತಂತಿ ಕಾಯುತ್ತದೆ. ಅದಕ್ಕೆ ಬೇರೆಯೇ ಲೈನು, ಬೇರೆಯೇ ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು.

ಒಳಗೆ ಕಿಡಿ ಹಾರಿತೇ? ಕೂಡಲೇ ನಿಲ್ಲಿಸಿ. ಚಿನ್ನದ ಗೆರೆಯ ತಟ್ಟೆ, ಮರೆತ ಸ್ಟೀಲ್ ಚಮಚ, ಹೋಟೆಲಿನ ಫಾಯಿಲ್ ಇದೆಯೇ ನೋಡಿ. ಯಾವುದೂ ಇಲ್ಲದಿದ್ದರೆ ಒಳಗೋಡೆಯಲ್ಲಿ ದಪ್ಪ ಕಾಗದದಂತಿರುವ ಅಭ್ರಕದ ಹಾಳೆಯನ್ನು ನೋಡಿ. ಒಗ್ಗರಣೆಯ ಎಣ್ಣೆ ಸಿಡಿದು ಅಂಟಿ, ಅದು ಕರಕಲಾಗಿ ಕಿಡಿ ಕಾರುತ್ತದೆ. ಬರೀ ಜಿಡ್ಡಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಕರಕಲಾಗಿದ್ದರೆ, ತೂತಾಗಿದ್ದರೆ ಬದಲಿಸದೆ ಓವನ್ ಓಡಿಸಬೇಡಿ. ಈ ಹಾಳೆ ಅಗ್ಗ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಿಡಿಭಾಗದ ಪೇಟೆಯಲ್ಲಿ ಕೇಳಿ, ಅಳತೆಗೆ ಕತ್ತರಿಸಿ ಹಾಕಿಸಬಹುದು.

ಬಿಸಿಯಾಗುತ್ತದೆ, ಆದರೆ ಸಾಲದು ಎನ್ನುವವರಿಗೆ ಒಂದು ಲೆಕ್ಕ. ಮೈಕ್ರೊವೇವ್‌ಗೆ ಒಗ್ಗುವ ಪಾತ್ರೆಯಲ್ಲಿ 1 ಲೀಟರ್ ನೀರು ಹಾಕಿ ಉಷ್ಣತೆ ಅಳೆಯಿರಿ. ಪೂರ್ತಿ ಶಕ್ತಿಯಲ್ಲಿ ಸರಿಯಾಗಿ 1 ನಿಮಿಷ ಇಡಿ. ಕಲಕಿ ಮತ್ತೆ ಅಳೆಯಿರಿ. ಎಷ್ಟು ಡಿಗ್ರಿ ಸೆಲ್ಸಿಯಸ್ ಏರಿತೋ ಅದನ್ನು 70ರಿಂದ ಗುಣಿಸಿ. 10 ಡಿಗ್ರಿ ಏರಿದರೆ 700 ವ್ಯಾಟ್. ಕಂಪನಿ ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ಬಂದರೆ ಚಿಂತೆ ಬೇಡ. ಅರ್ಧಕ್ಕೆ ಇಳಿದಿದ್ದರೆ ಮ್ಯಾಗ್ನೆಟ್ರಾನ್ ಸವೆದಿರಬಹುದು, ಇಲ್ಲವೇ ಮನೆಯ ವೋಲ್ಟೇಜ್ ಬಿದ್ದಿರಬಹುದು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬಾರದು, ಅಡುಗೆಯದ್ದೇ ಬೇಕು.

ಓವನ್ ಆಫ್ ಮಾಡಿದ ಮೇಲೂ ಫ್ಯಾನ್ ಗುಂಯ್‌ಗುಡುತ್ತಿದೆಯೇ? ಅದು ಕೆಟ್ಟದ್ದಲ್ಲ, ಒಳಗಿನ ಬಿಸಿ ಹೊರಹಾಕುತ್ತಿದೆ. ಹತ್ತು ನಿಮಿಷ ಓಡಿ ತಾನೇ ನಿಂತು, ತಣ್ಣಗಾದ ಮೇಲೆ ಮತ್ತೆ ಓಡುವ ಓವನ್ ಇದ್ದರೆ ಮಾತ್ರ ಕಪಾಟನ್ನು ಅನುಮಾನಿಸಿ. ಹಿಂದೆ, ಕೆಳಗೆ ಗಾಳಿ ಆಡಲು ಬಿಡಬೇಕಾದ ಜಾಗವನ್ನು ಪ್ಲೈವುಡ್ಡಿನಿಂದ ಮುಚ್ಚಿಬಿಟ್ಟಿರುತ್ತಾರೆ. ಬಿಸಿ ಹೆಚ್ಚಾಗಿ ಒಳಗಿನ ಥರ್ಮಲ್ ಕಟೌಟ್ ಕರೆಂಟ್ ಕಡಿಯುತ್ತದೆ. ಹೀಗಾದಾಗ ಬಿಡಿಭಾಗ ಬದಲಿಸಿ ಸುಖವಿಲ್ಲ. ಕಪಾಟಿಗೆ ಗಾಳಿ ಕೊಡಬೇಕು.

ಮೆಕ್ಯಾನಿಕ್‌ನ ಕೆಲಸ, ನಿಮ್ಮ ಕಾವಲು

ಬಾಗಿಲು ಹಾಕಿದ ಕೂಡಲೇ ಅಥವಾ ತೆಗೆದ ಕೂಡಲೇ ಫ್ಯೂಸ್ ಹಾರುತ್ತದೆ ಎಂದಿಟ್ಟುಕೊಳ್ಳಿ. ಬಾಗಿಲ ಹಿಂದೆ ಸಾಮಾನ್ಯವಾಗಿ ಮೂರು ಸಣ್ಣ ಸ್ವಿಚ್‌ಗಳಿರುತ್ತವೆ. ಎರಡರ ಕೆಲಸ ಬಾಗಿಲು ತೆಗೆದರೆ ಕರೆಂಟ್ ಕಡಿಯುವುದು. ಮೂರನೆಯವನು ಆ ಇಬ್ಬರ ಮೇಲಿನ ಮೇಸ್ತ್ರಿ. ಅವರು ಕೈಕೊಟ್ಟರೆ ಬೇಕೆಂದೇ ಫ್ಯೂಸ್ ಸುಡುತ್ತಾನೆ, ನಿಮ್ಮ ಮೈಮೇಲೆ ಮೈಕ್ರೊವೇವ್ ಹರಿಯದಿರಲಿ ಎಂದು. ಅಂಥ ಫ್ಯೂಸ್ ಹಾರಿದಾಗ ಕೆಲವರು ಏನು ಮಾಡುತ್ತಾರೆ? ಒಂದೆಳೆ ತಂತಿ ಸುತ್ತಿ ‘ಸರಿ ಹೋಯ್ತು ಸಾರ್’ ಎನ್ನುತ್ತಾರೆ! ಅದು ರಿಪೇರಿಯಲ್ಲ, ಕಾವಲುಗಾರನ ಕತ್ತು ಹಿಸುಕಿದ ಹಾಗೆ. ಮೂರೂ ಸ್ವಿಚ್ ಪರೀಕ್ಷಿಸಿ, ಅದೇ ಅಳತೆಯ ಫ್ಯೂಸ್ ಹಾಕಬೇಕು ಎಂದು ನೀವು ಎದುರು ನಿಂತು ಕೇಳಿ.

ದೀಪ, ತಟ್ಟೆ, ಫ್ಯಾನ್ ಎಲ್ಲ ಓಡಿ ಅನ್ನ ಮಾತ್ರ ತಣ್ಣಗಿದ್ದರೆ ದೋಷ ಹೆಚ್ಚಾಗಿ 4000 ವೋಲ್ಟ್ ಕಡೆಯದು. ಅಲ್ಲಿ ನಿಮ್ಮ ಕೈ ಬೇಡವೇ ಬೇಡ. ಬಂದವನು ಮೊದಲು ಕೆಪಾಸಿಟರ್ ಖಾಲಿ ಮಾಡಿಕೊಳ್ಳುತ್ತಾನೆಯೇ ನೋಡಿ. ಮಾಡದೆ ಕೈ ಹಾಕಿದರೆ ನಿಲ್ಲಿಸಿ, ಅವನ ಮನೆಯಲ್ಲೂ ಹೆಂಡತಿ ಮಕ್ಕಳಿದ್ದಾರೆ.

ಒಲೆಯ ಸುರುಳಿ ಹೋಗಿದೆ, ಬದಲಿಸಬೇಕು ಎಂದರೆ ಮಲ್ಟಿಮೀಟರ್ ಹಿಡಿದು ತೋರಿಸಲು ಹೇಳಿ. 230 ವೋಲ್ಟ್‌ನ 2000 ವ್ಯಾಟ್ ಸುರುಳಿ ಸುಮಾರು 26 ಓಮ್ ತೋರಿಸಬೇಕು. ಅಷ್ಟು ತೋರಿಸಿದರೆ ಸುರುಳಿ ತುಂಡಾಗಿಲ್ಲ, ಬೇರೆಡೆ ಹುಡುಕಲಿ. ಮಳೆಗಾಲ ಪೂರ್ತಿ ಮುಚ್ಚಿಟ್ಟ ಓವನ್ ಹಾಕಿದೊಡನೆ ಮನೆಯ ಆರ್‌ಸಿಸಿಬಿ ಬೀಳುತ್ತಿದ್ದರೆ ಸುರುಳಿ ತೇವ ಹೀರಿರಬಹುದು. ಆರ್‌ಸಿಸಿಬಿ ತಪ್ಪಿಸಿ ನೇರ ಲೈನ್ ಕೊಡುತ್ತೇನೆ ಎಂದವನನ್ನು ಬಾಗಿಲಿನಿಂದಲೇ ಕಳಿಸಿ!

ಬಾಗಿಲು ಸರಿಯಾಗಿ ಕೂರದಿದ್ದರೆ, ಗಾಜು ಒಡೆದಿದ್ದರೆ, ಒಳಜಾಲರಿ ಹರಿದಿದ್ದರೆ ಅಂದಿನಿಂದಲೇ ಬಳಕೆ ನಿಲ್ಲಿಸಿ. ಈ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್. ಜಾಲರಿಯ ಸಣ್ಣ ತೂತಿನಲ್ಲಿ ಅದು ನುಸುಳಲಾರದು. ಜಾಲರಿ ಹರಿದರೆ, ಬಾಗಿಲು ಸಡಿಲವಾದರೆ ಆ ಮಾತು ನಿಲ್ಲುವುದಿಲ್ಲ.

‘ಓವನ್ ಕೊಳ್ಳುವವರಿಗೆ ಇಂಗ್ಲಿಷ್ ಬರುತ್ತದೆ’ ಎಂಬ ವಾದ

ಈಗ ಜಗಳಕ್ಕೆ ಬರೋಣ. ಮೇಲೆ ಹೇಳಿದ್ದರಲ್ಲಿ ಯಾವುದು ಕನ್ನಡದಲ್ಲಿ ಹೇಳಲಾರದ್ದು ಇತ್ತು? ಫ್ಯೂಸ್ ಫ್ಯೂಸೇ, ಸ್ವಿಚ್ ಸ್ವಿಚ್ಚೇ. ‘ಸೂಕ್ಷ್ಮತರಂಗ ಚುಲ್ಲಿ’ ಎಂದು ಬರೆದು ನಮ್ಮನ್ನು ಹೆದರಿಸಿ ಎಂದು ಯಾರೂ ಕೇಳುತ್ತಿಲ್ಲ. ‘ಬಿಚ್ಚಬೇಡಿ, ಜೀವ ಹೋಗುತ್ತದೆ’ ಎಂದು ನಾಲ್ಕು ಪದ ಬರೆಯಿರಿ ಎನ್ನುತ್ತಿದ್ದೇವೆ.

ಕೊಳ್ಳುವವರಿಗೆ ಇಂಗ್ಲಿಷ್ ಬರುತ್ತದಲ್ಲ ಎನ್ನುತ್ತಾರೆ. ಸ್ವಾಮಿ, ಕೊಂಡವನೊಬ್ಬನೇ ಅದನ್ನು ಮುಟ್ಟುತ್ತಾನೆಯೇ? ಕಪಾಟು ಕೊಯ್ಯುವವನು ಬಡಗಿ. ಗಾಳಿಗೆ ಎಷ್ಟು ಜಾಗ ಬಿಡಬೇಕೆಂಬುದು ಅವನು ಓದಲಾಗದ ಪುಸ್ತಕದಲ್ಲಿದೆ. ಲೈನ್ ಎಳೆಯುವವನು ಎಲೆಕ್ಟ್ರಿಷಿಯನ್. ದಿನವೂ ಬಳಸುವವರು ಮನೆಯ ಅಜ್ಜಿ, ಅಡುಗೆಗೆ ಬರುವ ಅಕ್ಕ. ಕೆಟ್ಟಾಗ ಬರುವವನು ಐಟಿಐ ಓದಿದ ಹುಡುಗ. ಕೊಂಡ ಸಾಹೇಬರು ಆಫೀಸಿನಲ್ಲಿರುತ್ತಾರೆ, ಓವನ್ ಮುಂದೆ ಇವರಿರುತ್ತಾರೆ. ಇವರಲ್ಲಿ ಕನ್ನಡವನ್ನೇ ಓದುವವರು ಎಷ್ಟು ಮಂದಿ! ರಿಪೇರಿಗೆ ಬಂದವನ ತಾಯ್ನುಡಿ ಯಾವುದೆಂದು ನಮ್ಮ ತಕರಾರಿಲ್ಲ. ಈ ನೆಲದಲ್ಲಿ ಮಾರುವ ಯಂತ್ರಕ್ಕೆ ಈ ನೆಲದ ಭಾಷೆ ಏಕಿಲ್ಲ ಎಂಬುದೇ ತಕರಾರು.

ಕಾನೂನು ಏನನ್ನುತ್ತದೆ ಕೇಳಿ. ಕೇಂದ್ರದ 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಪೆಟ್ಟಿಗೆಯ ಮೇಲಿನ ಕಡ್ಡಾಯ ವಿವರ ದೇವನಾಗರಿಯ ಹಿಂದಿಯಲ್ಲಿರಬೇಕು, ಇಲ್ಲವೇ ಇಂಗ್ಲಿಷಿನಲ್ಲಿರಬೇಕು. ಉಳಿದ ಭಾಷೆಗಳನ್ನು ಜೊತೆಗೆ ಬೇಕಿದ್ದರೆ ಹಾಕಿಕೊಳ್ಳಬಹುದು. ಬೇಕಿದ್ದರೆ! ಯಾರಿಗೆ ಬೇಕಿದ್ದರೆ? ಕಂಪನಿಗೆ. ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾನೂನು ಸರಕಿನ ಹೆಸರು, ಬಳಸುವ ಸೂಚನೆ ಕನ್ನಡದಲ್ಲೂ ಇರಬೇಕು ಎನ್ನುತ್ತದೆ. ಆದರೆ ಅದು ರಾಜ್ಯದಲ್ಲಿ ತಯಾರಾದ ಸರಕಿಗೆ. ಹೊರಗಿನಿಂದ ಬಂದ ಓವನ್ ನಗುತ್ತಾ ಒಳಗೆ ಬರುತ್ತದೆ. 2024ರ ತಿದ್ದುಪಡಿಯಿಂದ ಅಂಗಡಿಯ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಕಡ್ಡಾಯವಾಯಿತು, ಸಂತೋಷ. ಆ ಫಲಕದ ಕೆಳಗೆ ಮಾರುವ ಪೆಟ್ಟಿಗೆಯೊಳಗಿನ ಪುಸ್ತಕದಲ್ಲಿ ಶೇಕಡಾ ಎಷ್ಟು?

ಇನ್ನೊಂದು ಗುಟ್ಟಿದೆ. ಓವನ್ ಕೆಟ್ಟಾಗ ಅಂಕಿಯ ಜಾಗದಲ್ಲಿ ಒಂದು ಸಂಕೇತ ಮೂಡುತ್ತದೆ. ಅದರ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಪೂರ್ತಿ ಅರ್ಥ ಇರುವ ಸರ್ವಿಸ್ ಪುಸ್ತಕ ಅನೇಕ ಕಡೆ ಕಂಪನಿಯವರ ಕೈಯಲ್ಲೇ ಉಳಿಯುತ್ತದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ರಿಪೇರಿಯ ಹಕ್ಕು’ ಎಂದು ಪೋರ್ಟಲ್ ತೆರೆಯಿತು. ಬಳಕೆಯ ಪುಸ್ತಕ, ಬಿಡಿಭಾಗದ ಬೆಲೆ, ಸರ್ವಿಸ್ ಸೆಂಟರ್ ವಿವರ ಜನರಿಗೆ ಸಿಗಲಿ ಎಂಬುದು ಅದರ ಉದ್ದೇಶ. ಒಳ್ಳೆಯದೇ. ಓದಲಾಗದ ಭಾಷೆಯಲ್ಲಿ ಸಿಕ್ಕ ಹಕ್ಕು ನಮ್ಮ ಮೆಕ್ಯಾನಿಕ್‌ಗೆ ಯಾವ ಊಟ ಬಡಿಸುತ್ತದೆ?

ನೀವು ಮಾಡಬೇಕಾದದ್ದು

ಮುಂದೆ ಓವನ್ ಕೊಳ್ಳುವಾಗ ಹಣ ಎಣಿಸುವ ಮೊದಲು ಕನ್ನಡ ಪುಸ್ತಕ ಕೇಳಿ. ಇಲ್ಲ ಎಂದರೆ ಹಾಗೆಂದು ಬರೆದುಕೊಡಲು ಹೇಳಿ. ಈಗಾಗಲೇ ಕೊಂಡಿದ್ದರೆ ಕಂಪನಿಗೆ ಕನ್ನಡದಲ್ಲೇ ಒಂದು ಕಾಗದ ಬರೆಯಿರಿ. ರಿಪೇರಿಯಲ್ಲಿ ಮೋಸವಾದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ. ಬದಲಿಸಿದ ಹಳೆಯ ಭಾಗವನ್ನು ತೋರಿಸದೆ ಹಣ ಕೊಡಬೇಡಿ. ನಿಮ್ಮ ಶಾಸಕರು ಸಿಕ್ಕಾಗ ಕೇಳಿ: ರಾಜ್ಯದಲ್ಲಿ ತಯಾರಾದ ಸರಕಿಗೆ ಇರುವ ನಿಯಮ, ರಾಜ್ಯದಲ್ಲಿ ಮಾರುವ ಸರಕಿಗೆ ಏಕಿಲ್ಲ?

ಅವರು ಉತ್ತರ ಕೊಡುವ ತನಕ ಕಾಯಬೇಡಿ. ಕೆಳಗಿನ ಸಾಲುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಇವತ್ತೇ ಓವನ್ ಪಕ್ಕದ ಕಪಾಟಿಗೆ ಅಂಟಿಸಿ. ಅಡುಗೆ ಅಕ್ಕನಿಗೂ ಮನೆಯ ಮಕ್ಕಳಿಗೂ ಓದಿ ಹೇಳಿ.

‘ಓವನ್ ಕೆಟ್ಟರೆ, ಕಿಡಿ ಬಂದರೆ, ಹೊಗೆ ಬಂದರೆ ಬಾಗಿಲು ತೆಗೆಯಬೇಡಿ. ಮೊದಲು ಬೋರ್ಡಿನಲ್ಲಿ ಓವನ್ ಸ್ವಿಚ್ ಆಫ್ ಮಾಡಿ. ಹೊರಕವಚ ಬಿಚ್ಚಬೇಡಿ. ಕರೆಂಟ್ ಇಲ್ಲದಿದ್ದರೂ ಒಳಗೆ ಜೀವ ತೆಗೆಯುವಷ್ಟು ಕರೆಂಟ್ ಇರಬಹುದು.’