ಲಾಭ ಕೊಯಾಲಿಗೆ, ದಂಡ ಸೂರತ್‌ಗೆ

2025ರ ಆಗಸ್ಟ್ 6ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು, ರಷ್ಯಾದ ಕಚ್ಚಾತೈಲವನ್ನು ಕೊಳ್ಳುತ್ತಿರುವುದಕ್ಕಾಗಿ ಭಾರತದ ಸರಕುಗಳ ಮೇಲೆ ಶೇ. 25ರ ದಂಡಸುಂಕವನ್ನು ಹೇರುವ ಆದೇಶಕ್ಕೆ ಸಹಿ ಮಾಡಿದರು. ಮೊದಲೇ ವಿಧಿಸಿದ್ದ ಶೇ. 25ರೊಡನೆ ಸೇರಿ, ಆಗಸ್ಟ್ 27ರಿಂದ ಒಟ್ಟು ಸುಂಕ ಶೇ. 50ಕ್ಕೆ ಏರಿತು. ನಾನು ವಾಸಿಸುವ ಕೊಯಾಲಿ ವಡೋದರದ ಅಂಚಿನ ಊರು. ಇಂಡಿಯನ್ ಆಯಿಲ್ ಸಂಸ್ಥೆಯ ಗುಜರಾತ್ ತೈಲ ಶುದ್ಧೀಕರಣಾಗಾರ ಇರುವ ಊರು. ವಡೋದರದಿಂದ ಸೂರತ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ತೈಲ ಕೊಂಡದ್ದು ಇಂಡಿಯನ್ ಆಯಿಲ್‌ನಂಥ ಕಂಪನಿಗಳು. ದಂಡ ತೆತ್ತದ್ದು ಸೂರತ್‌ನ ವಜ್ರದ ಕೆಲಸಗಾರ. ಆತ ರಷ್ಯಾದಿಂದ ಒಂದು ಹನಿ ತೈಲವನ್ನೂ ತರಿಸಿದವನಲ್ಲ. ಇನ್ನೊಂದು ವಿಪರ್ಯಾಸವೆಂದರೆ, ತೈಲೋತ್ಪನ್ನಗಳಿಗೆ ಈ ಸುಂಕದಿಂದ ವಿನಾಯಿತಿಯಿತ್ತು. ಕತ್ತರಿಸಿ ಹೊಳಪುಗೊಳಿಸಿದ ವಜ್ರಕ್ಕೆ ಇರಲಿಲ್ಲ.

ಈ ಆದೇಶವನ್ನು ಕಂಡು ಸಾಮಾನ್ಯ ನಾಗರಿಕನಿಗೆ ಸಿಟ್ಟು ಬರುವುದು ಸಹಜ, ಸಕಾರಣವೂ ಹೌದು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡುವುದಕ್ಕೆ ಮುನ್ನ ನಮ್ಮ ತೈಲ ಆಮದಿನಲ್ಲಿ ರಷ್ಯಾದ ಪಾಲು ನಗಣ್ಯವಾಗಿತ್ತು. ಎರಡೇ ವರ್ಷಗಳಲ್ಲಿ ಅದು ಮೂರನೇ ಒಂದು ಭಾಗವನ್ನು ಮೀರಿತು. ಇದು ಕದ್ದುಮುಚ್ಚಿ ನಡೆದ ವ್ಯಾಪಾರವಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಿ-7 ರಾಷ್ಟ್ರಗಳು ರಷ್ಯಾದ ತೈಲಕ್ಕೆ ಪೀಪಾಯಿಗೆ 60 ಡಾಲರುಗಳ ಮಿತಿಯನ್ನು ನಿಗದಿಪಡಿಸಿದವು. ತೈಲ ಮಾರುಕಟ್ಟೆಗೆ ಬರುತ್ತಿರಲಿ, ರಷ್ಯಾದ ಆದಾಯ ಮಾತ್ರ ಕುಗ್ಗಲಿ ಎಂಬುದು ಅದರ ಆಶಯ. ಆ ಮಿತಿಯ ಬೆಲೆಗೆ ಯಾರಾದರೂ ಆ ತೈಲವನ್ನು ಕೊಳ್ಳಬೇಕೆಂಬುದೇ ತಮ್ಮ ಇಚ್ಛೆಯಾಗಿತ್ತೆಂದು ಆಗ ಭಾರತದಲ್ಲಿದ್ದ ಅಮೆರಿಕದ ರಾಯಭಾರಿ ಎರಿಕ್ ಗಾರ್ಸೆಟ್ಟಿ 2024ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿದ್ದಾರೆ. ಅಧ್ಯಕ್ಷರು ಬದಲಾದರು; ನಿನ್ನೆಯ ಉಪಕಾರ ಇಂದು ಅಪರಾಧವಾಯಿತು. ರಷ್ಯಾದ ತೈಲವನ್ನು ನಮಗಿಂತ ಹೆಚ್ಚಾಗಿ ಕೊಳ್ಳುವ ಚೀನಾಕ್ಕೆ ಈ ದಂಡವಿರಲಿಲ್ಲ. ಅಮೆರಿಕ ತಾನೇ ರಷ್ಯಾದಿಂದ ಅಣುವಿದ್ಯುತ್ ಸ್ಥಾವರಗಳಿಗೆ ಬೇಕಾದ ಯುರೇನಿಯಂ ತರಿಸಿಕೊಳ್ಳುತ್ತಿರುವುದನ್ನು ನಮ್ಮ ವಿದೇಶಾಂಗ ಸಚಿವಾಲಯ ಎತ್ತಿ ತೋರಿಸಿದೆ. ಇಂಥ ನಡೆಯನ್ನು ನ್ಯಾಯವೆನ್ನಲು ಸಾಧ್ಯವಿಲ್ಲ.

ಆದರೆ ನಮ್ಮ ಸಿಟ್ಟು ಎಲ್ಲಿಗೆ ಹೋಗಿ ನಿಲ್ಲುತ್ತಿದೆ ಎಂಬುದನ್ನು ನೋಡಬೇಕು. ಟ್ರಂಪ್ ಗೆದ್ದಾಗ ಸಿಹಿ ಹಂಚಿದಷ್ಟು ಸಂಭ್ರಮಿಸಿದ ಮನೆಗಳು ನಮ್ಮಲ್ಲಿವೆ; ಇಂದು ಅದೇ ಮನೆಗಳ ವಾಟ್ಸ್‌ಆ್ಯಪ್ ಬಳಗಗಳಲ್ಲಿ ಅವರಿಗೆ ಬೈಗುಳದ ಸುರಿಮಳೆ. ಗಾಜಾ, ಉಕ್ರೇನ್, ಜೂನ್‌ನಲ್ಲಿ ಹನ್ನೆರಡು ದಿನ ನಡೆದ ಇಸ್ರೇಲ್–ಇರಾನ್ ಯುದ್ಧ, ಇವೆಲ್ಲವೂ ರಾತ್ರಿ ಊಟದ ಹೊತ್ತಿನ ದೂರದರ್ಶನದಲ್ಲಿ ಪಂದ್ಯಗಳಂತೆ ಬಂದುಹೋಗುತ್ತವೆ. ವಾಷಿಂಗ್ಟನ್‌ನಲ್ಲಾಗಲಿ ಮಾಸ್ಕೋದಲ್ಲಾಗಲಿ ನಮಗೆ ಮತವಿಲ್ಲ. ನಮಗೆ ಮತವಿರುವುದು ದೆಹಲಿಯಲ್ಲಿ. ಆದ್ದರಿಂದ ದೆಹಲಿಯನ್ನು ಕೇಳಬೇಕಾದ ಪ್ರಶ್ನೆಯೊಂದಿದೆ: ಅಗ್ಗದ ತೈಲದ ಲಾಭ ಯಾರ ಖಾತೆಗೆ ಜಮೆಯಾಯಿತು, ಅದರ ದಂಡ ಯಾರ ಖಾತೆಯಿಂದ ಖರ್ಚಾಯಿತು?

ಮೊದಲು ಜಮೆಯ ಕಡೆ ನೋಡೋಣ. ಪೆಟ್ರೋಲ್, ಡೀಸೆಲ್ ಕೊಳ್ಳುವ ಗ್ರಾಹಕನಿಗೆ ಈ ಲಾಭ ದಕ್ಕಲಿಲ್ಲ. 2022ರ ಮೇ ತಿಂಗಳ ಅಬಕಾರಿ ಸುಂಕದ ಕಡಿತದ ನಂತರ ಚಿಲ್ಲರೆ ದರ ಬಹುತೇಕ ಕದಲಲಿಲ್ಲ. 2024ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ಲೀಟರಿಗೆ 2 ರೂಪಾಯಿ ಇಳಿಯಿತು. 2025ರ ಏಪ್ರಿಲ್‌ನಲ್ಲಿ ಕಚ್ಚಾತೈಲದ ಬೆಲೆ ಕುಸಿದಾಗ ಕೇಂದ್ರ ಸರ್ಕಾರ ಅಬಕಾರಿ ಸುಂಕವನ್ನೇ 2 ರೂಪಾಯಿ ಏರಿಸಿಕೊಂಡಿತು. ಇಂಡಿಯನ್ ಆಯಿಲ್ 2023–24ರಲ್ಲಿ ಗಳಿಸಿದ ನಿವ್ವಳ ಲಾಭ 39,619 ಕೋಟಿ ರೂಪಾಯಿ. ಅಲ್ಲಿಯವರೆಗಿನ ಅದರ ಇತಿಹಾಸದಲ್ಲೇ ಅತ್ಯಧಿಕ. ಲೆಕ್ಕವನ್ನು ಪ್ರಾಮಾಣಿಕವಾಗಿ ಹೇಳುವುದಾದರೆ, ಇದೆಲ್ಲವೂ ರಷ್ಯಾದ ರಿಯಾಯಿತಿಯಿಂದಲೇ ಬಂದದ್ದಲ್ಲ. ಅದರ ಹಿಂದಿನ ವರ್ಷ ತೈಲ ದುಬಾರಿಯಾಗಿದ್ದಾಗಲೂ ಚಿಲ್ಲರೆ ದರವನ್ನು ಏರಿಸದೆ ಸರ್ಕಾರಿ ಕಂಪನಿಗಳು ನಷ್ಟವನ್ನು ಹೊತ್ತಿದ್ದವು. ಸರ್ಕಾರಿ ಕಂಪನಿಗಳ ಲಾಭಾಂಶ ಬಹುಮಟ್ಟಿಗೆ ಬೊಕ್ಕಸಕ್ಕೇ ಸೇರುತ್ತದೆ ಎಂಬುದೂ ನಿಜ. ಖಾಸಗಿ ಶುದ್ಧೀಕರಣಾಗಾರಗಳು ಆ ತೈಲವನ್ನು ಸಂಸ್ಕರಿಸಿ ವಿದೇಶಕ್ಕೆ ಮಾರಿ ಗಳಿಸಿದ್ದು ಮಾತ್ರ ಷೇರುದಾರರ ಪಾಲಿನದು.

ಇನ್ನು ಖರ್ಚಿನ ಕಡೆ. ಜಗತ್ತಿನಲ್ಲಿ ಹೊಳಪುಗೊಳ್ಳುವ ಪ್ರತಿ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತು ಸೂರತ್‌ನ ಕೈಗಳಲ್ಲಿ ಹಾದುಹೋಗುತ್ತವೆ. ನಮ್ಮ ರತ್ನ ಮತ್ತು ಆಭರಣ ರಫ್ತಿನ ಸುಮಾರು ಮೂರನೇ ಒಂದು ಭಾಗ ಅಮೆರಿಕಕ್ಕೆ ಹೋಗುತ್ತಿತ್ತು. ಹೊಳಪುಗೊಳಿಸಿದ ಬಿಡಿ ವಜ್ರಕ್ಕೆ ಅಲ್ಲಿ ಮೊದಲು ಸುಂಕವೇ ಇರಲಿಲ್ಲ. ಸೂರತ್‌ನ ಸಂಕಟ ಟ್ರಂಪ್ ಅವರಿಂದಲೇ ಹುಟ್ಟಿತೆನ್ನುವುದು ಸರಿಯಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಬೆಲೆಯನ್ನು ಕುಗ್ಗಿಸಿತ್ತು. ಚೀನಾದ ಬೇಡಿಕೆ ಇಳಿದಿತ್ತು. ರಷ್ಯಾದ ವಜ್ರಗಳ ಮೇಲೆ ಜಿ-7 ರಾಷ್ಟ್ರಗಳು 2024ರ ಜನವರಿಯಿಂದ ಹಂತಹಂತವಾಗಿ ತಂದ ನಿಷೇಧವು ಬೇರೆ ದೇಶಗಳಲ್ಲಿ ಹೊಳಪುಗೊಂಡ ಕಲ್ಲುಗಳಿಗೂ ವಿಸ್ತರಿಸಿತ್ತು. ಬಳಲಿ ಕುಳಿತವನ ಬೆನ್ನ ಮೇಲೆ ಶೇ. 50ರ ಮೂಟೆ ಬಂದು ಬಿದ್ದಿತು.

ಈ ಉದ್ಯಮದ ರಚನೆಯನ್ನೂ ಓದುಗರು ತಿಳಿಯಬೇಕು. ಅಮ್ರೇಲಿ, ಭಾವನಗರ ಮೊದಲಾದ ಸೌರಾಷ್ಟ್ರದ ಒಣಜಿಲ್ಲೆಗಳಿಂದ ಬಂದ ಕೆಲಸಗಾರನಿಗೆ ಬಹುಪಾಲು ಕಡೆ ತಿಂಗಳ ಸಂಬಳವಿಲ್ಲ. ಉಜ್ಜಿದ ಕಲ್ಲಿನ ಲೆಕ್ಕದಲ್ಲಿ ಕೂಲಿ. ಬೇಡಿಕೆ ಕುಸಿದರೆ ಆತನನ್ನು ವಜಾ ಮಾಡಬೇಕಾಗಿಯೇ ಇಲ್ಲ. ಕಲ್ಲು ಕೊಡದಿದ್ದರೆ ಸಾಕು. ದೀಪಾವಳಿಯ ರಜೆಯನ್ನು ವಾರಗಟ್ಟಲೆ ಹಿಗ್ಗಿಸಿದರೆ ಸಾಕು. ಸಣ್ಣ ಘಟಕಗಳ ಲೆಕ್ಕಪತ್ರಗಳನ್ನು ಕಂಡ ಯಾವ ಲೆಕ್ಕಪರಿಶೋಧಕನಿಗೂ ಗೊತ್ತಿರುವ ಸಂಗತಿಯೆಂದರೆ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನು ಕೆಲಸ ಕಳೆದುಕೊಂಡವರ ಪಟ್ಟಿಯಲ್ಲೂ ಇರುವುದಿಲ್ಲ. ಕಾರ್ಮಿಕರ ವಿಮಾ ನಿಗಮದಲ್ಲಿ ನೋಂದಾಯಿತನಾದವನು ಕೆಲಸ ಕಳೆದುಕೊಂಡರೆ, ನಿಯಮಾನುಸಾರ ಸರಾಸರಿ ಕೂಲಿಯ ಅರ್ಧದಷ್ಟನ್ನು ಗರಿಷ್ಠ 90 ದಿನಗಳವರೆಗೆ ಪಡೆಯುವ ಯೋಜನೆಯೊಂದು ಈಗಾಗಲೇ ಇದೆ. ಆ ನೋಂದಣಿಯೇ ಇಲ್ಲದವನಿಗೆ ಅದು ಕಾಗದದ ಮೇಲಿನ ಊಟ.

ಈಗ ಪರಿಹಾರದ ಲೆಕ್ಕ. ಟ್ರಂಪ್ ಅವರ ಆದೇಶ ಹೊರಬಿದ್ದ ಎರಡೇ ದಿನಗಳಲ್ಲಿ, ಆಗಸ್ಟ್ 8ರಂದು, ಅಡುಗೆ ಅನಿಲವನ್ನು ಕಡಿಮೆ ಬೆಲೆಗೆ ಮಾರಿದ್ದರಿಂದಾದ ನಷ್ಟಕ್ಕಾಗಿ ಸರ್ಕಾರಿ ತೈಲ ಕಂಪನಿಗಳಿಗೆ 30,000 ಕೋಟಿ ರೂಪಾಯಿ ನೀಡಲು ಕೇಂದ್ರ ಸಂಪುಟ ಒಪ್ಪಿತು. ಸುಂಕಕ್ಕೂ ಅದಕ್ಕೂ ಸಂಬಂಧವಿಲ್ಲ. ಬಡಗೃಹಿಣಿಗೆ ಅನಿಲ ಅಗ್ಗವಾಗಿ ಸಿಗಬೇಕೆಂಬುದರಲ್ಲಿ ನನಗೆ ತಕರಾರೂ ಇಲ್ಲ. ಆದರೆ ಅದು ಒಪ್ಪಿಕೊಂಡ ತತ್ತ್ವವನ್ನು ಗಮನಿಸಿ: ದೇಶದ ನೀತಿಯ ಸಲುವಾಗಿ ನಷ್ಟ ಹೊತ್ತವರಿಗೆ ದೇಶ ಅದನ್ನು ತುಂಬಿಕೊಡಬೇಕು. ನವೆಂಬರ್ 12ರಂದು ರಫ್ತು ಉತ್ತೇಜನಕ್ಕಾಗಿ 25,060 ಕೋಟಿಯ ಯೋಜನೆಯೂ, ರಫ್ತುದಾರರ ಸಾಲಕ್ಕೆ 20,000 ಕೋಟಿಯವರೆಗಿನ ಖಾತರಿಯೂ ಮಂಜೂರಾದವು. ಕಂಪನಿಗೆ ಪರಿಹಾರ, ರಫ್ತುದಾರನಿಗೆ ಸಾಲ. ಕೆಲಸಗಾರನಿಗೆ? ಗುಜರಾತ್ ಸರ್ಕಾರ ಮೇ ತಿಂಗಳಿನಲ್ಲಿ ಪ್ರಕಟಿಸಿದ ಯೋಜನೆಯಂತೆ, ಕೆಲಸ ಕಳೆದುಕೊಂಡವನ ಮಗುವಿಗೆ ಒಂದು ವರ್ಷದ ಶಾಲಾಶುಲ್ಕ, ಗರಿಷ್ಠ 13,500 ರೂಪಾಯಿ. ಅದೂ ಕೆಲಸ ಕಳೆದುಕೊಂಡೆನೆಂದು ಸಾಬೀತುಪಡಿಸಿದರೆ.

ರಾಷ್ಟ್ರಹಿತದ ಮುಂದೆ ಇಂಥ ಲೆಕ್ಕಾಚಾರ ಸಲ್ಲದು ಎಂಬ ಮಾತು ಬರುತ್ತದೆ. ತನಗೆ ಬೇಕಾದ ತೈಲದಲ್ಲಿ ಶೇ. 85ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರುವ ದೇಶ ಅಗ್ಗವಾಗಿ ಸಿಗುವಲ್ಲಿ ಕೊಳ್ಳುವುದು ತಪ್ಪಲ್ಲ. ಯಾರದೋ ಬೆದರಿಕೆಗೆ ಮಣಿದು ಅದನ್ನು ಬಿಡುವುದು ಸ್ವಾಭಿಮಾನವೂ ಅಲ್ಲ. ಕೊಯಾಲಿಯ ಶುದ್ಧೀಕರಣಾಗಾರವೇ 1960ರ ದಶಕದಲ್ಲಿ ಸೋವಿಯತ್ ನೆರವಿನಿಂದ ಕಟ್ಟಿದ್ದು. ಅಂಕಲೇಶ್ವರದ ತೈಲವನ್ನು ನಾವೇ ಸಂಸ್ಕರಿಸಬೇಕೆಂಬ ಅಂದಿನ ಹಟವೂ ಪರಾವಲಂಬನೆಯನ್ನು ಕಳೆದುಕೊಳ್ಳುವ ಹಟವೇ ಆಗಿತ್ತು. ಆದ್ದರಿಂದ ತೈಲ ಕೊಳ್ಳುವ ತೀರ್ಮಾನದ ಬಗ್ಗೆ ನನ್ನ ಆಕ್ಷೇಪವಿಲ್ಲ. ಆದರೆ ಹಿತ ರಾಷ್ಟ್ರದ್ದಾದರೆ ಅದರ ಬೆಲೆಯೂ ರಾಷ್ಟ್ರದ್ದಾಗಬೇಕು. ಲಾಭವನ್ನು ಕೆಲವರೂ ದಂಡವನ್ನು ಬೇರೆ ಕೆಲವರೂ ಹಂಚಿಕೊಂಡರೆ, ಸ್ವಾಭಿಮಾನದ ಬಿಲ್ಲನ್ನು ಬಡವನ ಹೆಸರಿಗೆ ಬರೆದಂತಾಗುತ್ತದೆ.

ಮಾರ್ಗವೇನೂ ಹೊಸದಲ್ಲ. 2022ರ ಜುಲೈ 1ರಿಂದ ಕೇಂದ್ರ ಸರ್ಕಾರ ದೇಶದಲ್ಲಿ ತೆಗೆದ ಕಚ್ಚಾತೈಲ ಹಾಗೂ ಇಂಧನ ರಫ್ತಿನ ಆಕಸ್ಮಿಕ ಲಾಭದ ಮೇಲೆ ವಿಶೇಷ ಸುಂಕ ವಿಧಿಸಿತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನು ಕೈಬಿಟ್ಟಿತು. ಯುದ್ಧದಿಂದ ಬಂದ ಲಾಭದಲ್ಲಿ ಸಮಾಜಕ್ಕೂ ಪಾಲುಂಟೆಂಬುದನ್ನು ಒಮ್ಮೆ ಒಪ್ಪಿದ ಸರ್ಕಾರ, ಯುದ್ಧದಿಂದ ಬಂದ ನಷ್ಟದಲ್ಲಿಯೂ ಸಮಾಜದ ಪಾಲನ್ನು ಒಪ್ಪಬೇಕು. ಅಬಕಾರಿ ಸುಂಕವೆಂದು 2025ರ ಏಪ್ರಿಲ್‌ನಲ್ಲಿ ಏರಿಸಿಕೊಂಡ 2 ರೂಪಾಯಿಯಲ್ಲಿ ಒಂದಂಶವನ್ನು ಸುಂಕಪೀಡಿತ ಉದ್ಯಮಗಳ ಕೆಲಸಗಾರರಿಗೆ ನೇರ ವೇತನ ನೆರವಾಗಿ ತಿರುಗಿಸಬಹುದು. ನೆರವು, ಸಾಲ ಪಡೆಯುವ ರಫ್ತುದಾರನಿಗೆ ಒಂದೇ ಷರತ್ತು ಸಾಕು: ತನ್ನಲ್ಲಿ ದುಡಿಯುವ ಪ್ರತಿಯೊಬ್ಬನ ಹೆಸರನ್ನೂ ಭವಿಷ್ಯನಿಧಿ ಮತ್ತು ಕಾರ್ಮಿಕ ವಿಮೆಯಲ್ಲಿ ನೋಂದಾಯಿಸಿರಬೇಕು. ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನಾವುದು?

ಹೊರನಾಡುಗಳಲ್ಲಿರುವ ಕನ್ನಡ ಜೈನ ಕುಟುಂಬಗಳಿಗೆ ಇದು ಗುಜರಾತಿನ ಸಮಸ್ಯೆಯಾಗಿ ಕಾಣಬಾರದು. ಮಂಗಳೂರಿನ ಶುದ್ಧೀಕರಣಾಗಾರವೂ ರಷ್ಯಾದ ತೈಲವನ್ನು ಕೊಂಡಿದೆ. ಬೆಂಗಳೂರಿನ ಸಿದ್ಧಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳು ಹೊಲಿಯುವ ಅಂಗಿಯ ಮೇಲೂ ಇದೇ ಸುಂಕವಿತ್ತು. ಹೊಸ ಎಚ್-1ಬಿ ವೀಸಾ ಅರ್ಜಿಗೆ ಸೆಪ್ಟೆಂಬರ್‌ನಲ್ಲಿ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸಿದಾಗ ನಮ್ಮ ಎಷ್ಟೋ ಮನೆಗಳಲ್ಲಿ ಆ ರಾತ್ರಿ ನಿದ್ದೆ ಬರಲಿಲ್ಲ. ಎಲ್ಲೋ ಕುಳಿತವನ ಒಂದು ಸಹಿ ಮನೆಯ ಆಧಾರವನ್ನು ಹೇಗೆ ಅಲುಗಿಸುತ್ತದೆಂಬುದು ಆಗ ನಮಗೂ ತಿಳಿಯಿತು. ಇಂಜಿನಿಯರ್ ಮಗನಿಗಾಗಿ ಮಿಡಿದ ಮನಸ್ಸು ವಜ್ರ ಉಜ್ಜುವವನಿಗಾಗಿಯೂ ಮಿಡಿಯಬೇಕು. ವಜ್ರದ ವ್ಯಾಪಾರದ ಮೇಲಿನ ಮೆಟ್ಟಿಲುಗಳಲ್ಲಿ ಪಾಲನಪುರ ಮೂಲದ ಜೈನ ಮನೆತನಗಳು ತಲೆಮಾರುಗಳಿಂದ ಇರುವುದರಿಂದ, ಸಮಾಜವಾಗಿ ನಮಗೆ ಈ ವಿಷಯದಲ್ಲಿ ಒಂದು ಹೆಚ್ಚಿನ ಹೊಣೆಯೂ ಇದೆ. ದಾನಪತ್ರದಲ್ಲಿ ಹೆಸರು ಬರೆಸುವ ಮೊದಲು ಹಾಜರಿ ಪುಸ್ತಕದಲ್ಲಿ ಹೆಸರುಗಳನ್ನು ಬರೆಯಿರಿ ಎಂದು ಅವರಿಗೆ ಹೇಳುವ ಸಲಿಗೆ ಹೊರಗಿನವರಿಗಿಂತ ನಮಗೆ ಹೆಚ್ಚು.

2025 ಮುಗಿಯುತ್ತ ಬಂದಿದ್ದ ಹೊತ್ತಿನಲ್ಲಿ ವ್ಯಾಪಾರ ಒಪ್ಪಂದದ ಮಾತುಕತೆ ನಡೆದಿತ್ತು; ಸುಂಕದ ಸಿಂಧುತ್ವ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದಿತ್ತು.  ಸುಂಕ ಇಳಿದರೂ ಕಳೆದ ತಿಂಗಳುಗಳ ಕೂಲಿ ಹಿಂದಿರುಗುವುದಿಲ್ಲ. ಶಾಲೆ ಬಿಟ್ಟು ಊರಿಗೆ ಹೋದ ಮಕ್ಕಳೆಲ್ಲರೂ ಮರಳುವುದಿಲ್ಲ. ಮಾರ್ಚ್ 31ಕ್ಕೆ ಪ್ರತಿಯೊಂದು ಕಂಪನಿಯೂ ತನ್ನ ಲಾಭನಷ್ಟದ ಲೆಕ್ಕವನ್ನು ಮುಗಿಸುತ್ತದೆ. ಅದಕ್ಕೆ ಮುನ್ನ ಬಜೆಟ್ ಅಧಿವೇಶನ ಬರುತ್ತದೆ. ನಿಮ್ಮ ಕ್ಷೇತ್ರದ ಸಂಸದರಿಗೆ ಒಂದು ಪುಟದ ಪತ್ರ ಬರೆದು ಕೇಳಿ: ರಷ್ಯಾದ ತೈಲದಿಂದ ಉಳಿದದ್ದು ಎಷ್ಟು, ಅದರ ದಂಡವನ್ನು ತೆತ್ತ ಕೆಲಸಗಾರರಿಗೆ ತಲುಪಿದ್ದು ಎಷ್ಟು? ಟ್ರಂಪ್ ಅವರಿಂದ ಉತ್ತರ ಕೇಳುವ ಅಧಿಕಾರ ನಮಗಿಲ್ಲ. ಇವರಿಂದ ಕೇಳುವ ಅಧಿಕಾರವಿದೆ.