ಸ್ಪೀಡ್ ಬರ್ತಿದೆ ಅಲ್ವಾ ಸರ್?

ಅಣ್ಣನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿದಾಗ ಮನೆಯಲ್ಲಿ ಎಲ್ಲರಿಗೂ ಖುಷಿ. ನನಗೆ ಸ್ವಲ್ಪ ಹೆಚ್ಚೇ ಖುಷಿ, ಯಾಕೆಂದರೆ ಅವನ ಪಿಎಸ್4 ನನ್ನ ಪಾಲಿಗೆ ಬಂತು. ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗ್ ಎತ್ತಿಕೊಡುವಾಗ ಅವನು ಹೇಳಿದ್ದು ಇಷ್ಟೇ: 'ನಾನೂ ಅಲ್ಲಿ ಒಂದು ಸೆಕೆಂಡ್ ಹ್ಯಾಂಡ್ ತಗೋತೀನಿ. ಭಾನುವಾರ ರಾತ್ರಿ ಒಂಬತ್ತಕ್ಕೆ ಟೆಕ್ಕೆನ್. ಮರೀಬೇಡ.'

ಹೈಸ್ಕೂಲಿನಿಂದ ಒಂದೇ ಚಾಪೆಯ ಮೇಲೆ ಕೂತು ಆಡಿದವರು ನಾವು. ಕೈಯಲ್ಲಿ ಕಂಟ್ರೋಲರ್ ಇದ್ದರೆ ಅಣ್ಣ ಮಾತಾಡುತ್ತಾನೆ. ಪಿಯುಸಿಯಲ್ಲಿ ಕೆಮಿಸ್ಟ್ರಿ ಕಷ್ಟ ಆಗ್ತಿದೆ ಅಂತ ಅವನು ಮೊದಲು ಹೇಳಿದ್ದು ಎರಡು ರೌಂಡ್‌ಗಳ ಮಧ್ಯೆ. ಫೋನ್ ಮಾಡಿದರೆ ಬೇರೆಯೇ ಮನುಷ್ಯ. 'ಊಟ ಆಯ್ತಾ', 'ಹ್ಞೂಂ', 'ಅಮ್ಮನಿಗೆ ಕೊಡು'. ಎರಡು ನಿಮಿಷಕ್ಕೆ ಮುಗಿಯಿತು.

ಎರಡು ತಿಂಗಳ ಸಂಬಳ ಉಳಿಸಿ ಅವನು ಕನ್ಸೋಲ್ ತಗೊಂಡ. ಆ ಭಾನುವಾರ ಆಟಕ್ಕೆ ಕರೆದ. ನನ್ನ ಪರದೆಯಲ್ಲಿ ಚಕ್ರ ತಿರುಗಿತು, ತಿರುಗಿತು, ಕೊನೆಗೆ ಸಂಪರ್ಕ ಆಗಲಿಲ್ಲ ಎಂದಿತು. ಪಾರ್ಟಿ ಚಾಟ್‌ನಲ್ಲಿ ಅವನ ಹೆಸರು ಕಾಣುತ್ತದೆ, ದನಿ ಕೇಳುವುದಿಲ್ಲ. ಅದೇ ಹೊತ್ತಿಗೆ ಯೂಟ್ಯೂಬ್ ಓಡುತ್ತಿದೆ, ಆಟದ ಅಪ್‌ಡೇಟ್ ಇಳಿಯುತ್ತಿದೆ, ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 94 ಎಂಬಿಪಿಎಸ್. ಇನ್ನೂ ವಿಚಿತ್ರವೆಂದರೆ ಯಾರೋ ಅಪರಿಚಿತರ ಜೊತೆ ಒಮ್ಮೊಮ್ಮೆ ಪಂದ್ಯ ಸಿಗುತ್ತಿತ್ತು. ಅಣ್ಣನ ಜೊತೆ ಮಾತ್ರ ಇಲ್ಲ.

'ಎಂಜಿನಿಯರಿಂಗ್ ಓದ್ತಿದೀಯಲ್ಲ, ನೀನೇ ನೋಡೋ' ಅಂದರು ಅಮ್ಮ.

ನೋಡಿದೆ. ನೋಡಿದೆ ಅನ್ನುವುದಕ್ಕಿಂತ ಕೈಗೆ ಸಿಕ್ಕಿದ್ದನ್ನೆಲ್ಲ ಬದಲಾಯಿಸಿದೆ. ರೂಟರ್ ಆಫ್ ಮಾಡಿ ಆನ್ ಮಾಡಿದೆ. ಡಿಎನ್‌ಎಸ್ ಬದಲಿಸಿದೆ. ವೈಫೈ ಚಾನೆಲ್ ಬದಲಿಸಿದೆ. ಕನ್ಸೋಲ್ ಬಳಸುವ 3478, 3479, 3480 ಪೋರ್ಟ್‌ಗಳನ್ನು ರೂಟರಿನಲ್ಲಿ ತೆರೆದೆ. ಅದೂ ಸಾಲದೆಂದು ಹೊರಗಿನಿಂದ ಬರುವುದನ್ನೆಲ್ಲ ಸೀದಾ ಕನ್ಸೋಲಿಗೇ ಕಳಿಸು ಎನ್ನುವ ಡಿಎಂಝಡ್ ಕೂಡ ಆನ್ ಮಾಡಿದೆ. ಎಲ್ಲವೂ ಒಂದೇ ರಾತ್ರಿ. ಯಾವುದರಿಂದ ಏನಾಯಿತು ಅಂತ ಗೊತ್ತಾಗದ ಸ್ಥಿತಿ ಬಂದಾಗ ಪಿನ್ ಚುಚ್ಚಿ ರೂಟರನ್ನು ರೀಸೆಟ್ ಮಾಡಿದೆ. ಅದರ ಜೊತೆ ಕಂಪನಿಯವರು ಹಾಕಿಕೊಟ್ಟಿದ್ದ ಯೂಸರ್‌ನೇಮ್, ಪಾಸ್‌ವರ್ಡ್ ಕೂಡ ಹೋಯಿತು. ಅಮ್ಮನ ಧಾರಾವಾಹಿ, ಅಪ್ಪನ ಹಳೇ ಹಾಡು ಎರಡೂ ನಿಂತವು. 'ಮನೇಲಿ ಕಂಪ್ಯೂಟರ್ ಸೈನ್ಸ್ ಹುಡುಗ ಇದ್ದಾನೆ ಅಂತ ಕೇಬಲ್‌ನವರಿಗೆ ಹೇಳ್ಬೇಡ ಮಾರಾಯ' ಅಂದರು ಅಪ್ಪ.

ಮಾರನೇ ದಿನ ಫೋನಿನಲ್ಲೇ ಪಾಸ್‌ವರ್ಡ್ ಹಾಕಿಸಿಕೊಂಡು, ಸ್ವಲ್ಪ ಬುದ್ಧಿ ಬಂದವನಂತೆ ಒಂದೊಂದಾಗಿ ಶುರು ಮಾಡಿದೆ. ನಮ್ಮದು 2013ರಲ್ಲಿ ಬಂದ ಮೊದಲ ಮಾದರಿಯ ಪಿಎಸ್4. ಅದರ ವೈಫೈ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಪಕ್ಕದ ಮನೆಗಳ ರೂಟರ್‌ಗಳು, ಬ್ಲೂಟೂತ್, ಮೈಕ್ರೋವೇವ್ ಎಲ್ಲವೂ ಅದೇ ಸಂತೆಯಲ್ಲಿವೆ. ಹಾಲ್‌ನಿಂದ ರೂಮಿನವರೆಗೆ ಲ್ಯಾನ್ ಕೇಬಲ್ ಎಳೆದೆ. ತಡವರಿಕೆ ಕಡಿಮೆಯಾಯಿತು, ಅಮ್ಮ ಎರಡು ಸಲ ಎಡವಿದರು, ಆದರೆ ಅಣ್ಣ ಸಿಗಲಿಲ್ಲ. ಕನ್ಸೋಲಿನ ನೆಟ್‌ವರ್ಕ್ ಟೆಸ್ಟ್‌ನಲ್ಲಿ ಒಂದು ಸಾಲು ಮಾತ್ರ ಹಾಗೇ ಉಳಿಯಿತು: ನ್ಯಾಟ್ ಟೈಪ್ 3. ನೇರ ಸಂಪರ್ಕಕ್ಕೆ 1, ರೂಟರ್ ಮೂಲಕ ಸರಿಯಾಗಿದ್ದರೆ 2, ಇತರ ಆಟಗಾರರ ಜೊತೆ ಜೋಡಿಸಿಕೊಳ್ಳುವುದು ಕಷ್ಟ ಎಂದಾದರೆ 3.

ಕಸ್ಟಮರ್ ಕೇರ್‌ಗೆ ಐದು ಸಲ ಫೋನ್ ಮಾಡಿದೆ. ಐದು ಸಲವೂ ಅದೇ ಪ್ರಶ್ನೆ: 'ಸ್ಪೀಡ್ ಬರ್ತಿದೆ ಅಲ್ವಾ ಸರ್?' ಬರ್ತಿದೆ. 'ಹಾಗಿದ್ರೆ ನಮ್ಮ ಕಡೆಯಿಂದ ಎಲ್ಲ ಸರಿ ಇದೆ ಸರ್.' ಒಬ್ಬರಂತೂ 'ಗೇಮ್‌ಗಾ?' ಅಂತ ಕೇಳಿ ನಕ್ಕರು. ಆ ನಗು ನನಗೆ ಇನ್ನೂ ಚುಚ್ಚುತ್ತದೆ. ತಿಂಗಳ ಬಿಲ್ ಕಟ್ಟುವಾಗ ಗೇಮ್‌ಗಾ, ಓದೋಕಾ ಅಂತ ಯಾರೂ ಕೇಳುವುದಿಲ್ಲವಲ್ಲ.

ಕೊನೆಗೆ ನಾನು ಮಾಡಿದ ಪರೀಕ್ಷೆ ಬಹಳ ಜಾಣತನದ್ದು ಅಂದುಕೊಂಡಿದ್ದೆ. ಬ್ರಾಡ್‌ಬ್ಯಾಂಡ್ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ಗೆ ಕನ್ಸೋಲ್ ಜೋಡಿಸಿದೆ. ಅಲ್ಲೂ ಟೈಪ್ 3. ಎರಡು ಬೇರೆ ಬೇರೆ ಕಂಪನಿ, ಎರಡರಲ್ಲೂ ಒಂದೇ ದೋಷ. ಹಾಗಾದರೆ ತಪ್ಪು ಕನ್ಸೋಲಿನದೇ! ಅದನ್ನು ಚೀಲಕ್ಕೆ ಹಾಕಿಕೊಂಡು ರಿಪೇರಿ ಅಂಗಡಿಗೆ ಹೊರಟಿದ್ದೆ. ಅಷ್ಟರಲ್ಲಿ ಅಪ್ಪ ನನಗೆ ಹೇಳದೆ ಕರೆಸಿದ್ದ ಫೈಬರ್ ಲೈನಿನವರು ಬೈಕ್ ನಿಲ್ಲಿಸಿದರು. ನನಗಿಂತ ಎರಡು ವರ್ಷ ದೊಡ್ಡವರಿರಬಹುದು. ಐಟಿಐ ಮಾಡಿದವರು ಅಂತ ಆಮೇಲೆ ಗೊತ್ತಾಯಿತು.

ಅವರು ಏನನ್ನೂ ಬದಲಾಯಿಸಲಿಲ್ಲ. ಮೊದಲು ಡಬ್ಬಿಯ ಮೇಲಿನ ದೀಪಗಳನ್ನು ನೋಡಿದರು. ಫೈಬರ್ ಬಿಚ್ಚಿ ಮೀಟರ್ ಹಿಡಿದು, 'ಮೈನಸ್ 19, ಬೆಳಕು ಚೆನ್ನಾಗಿ ಬರ್ತಿದೆ' ಅಂದರು. ಆಮೇಲೆ ನನ್ನ ಲ್ಯಾಪ್‌ಟಾಪ್‌ನಲ್ಲಿ ರೂಟರಿನ ಪುಟ ತೆರೆದು, ಹೊರಗಿನ ಕಡೆಯ ವಿಳಾಸ ಓದಿದರು. 100ರಿಂದ ಶುರುವಾಗುತ್ತಿತ್ತು. ಅದೇ ವೈಫೈನಲ್ಲಿ 'ನನ್ನ ಐಪಿ ಯಾವುದು' ಅಂತ ಹುಡುಕಲು ಹೇಳಿದರು. ಬೇರೆಯೇ ಸಂಖ್ಯೆ ಬಂತು. 'ಎರಡೂ ಬೇರೆ ಇದೆ ನೋಡಿ ಸರ್. ಸಿಜಿನ್ಯಾಟ್. ಈ ಅಡ್ರೆಸ್ ನಿಮ್ಮೊಬ್ಬರದ್ದಲ್ಲ, ಇಡೀ ಏರಿಯಾದ್ದು.' ಒಟ್ಟು ನಾಲ್ಕು ನಿಮಿಷ. ಮೊಬೈಲ್ ಕಂಪನಿಗಳೂ ಇದನ್ನೇ ಮಾಡುವುದರಿಂದ ನನ್ನ ಜಾಣ ಪರೀಕ್ಷೆ ನನಗೇ ಸುಳ್ಳು ಹೇಳಿತ್ತು.

ಐದನೇ ಸೆಮಿಸ್ಟರಿನ ಇಂಟರ್ನಲ್ಸ್‌ನಲ್ಲಿ 'ನ್ಯಾಟ್ ಬಗ್ಗೆ ಟಿಪ್ಪಣಿ ಬರೆಯಿರಿ' ಎಂಬ ಪ್ರಶ್ನೆಗೆ ನನಗೆ ಐದಕ್ಕೆ ನಾಲ್ಕೂವರೆ ಬಂದಿತ್ತು. ಅರ್ಧ ಅಂಕ ಚಿತ್ರ ಹಾಕದಿದ್ದಕ್ಕೆ ಹೋಗಿತ್ತು.

ನ್ಯಾಟ್ ಎಂದರೇನು ಎಂದು ನಮ್ಮ ಹಾಸ್ಟೆಲ್ ಗೇಟ್ ನೆನೆಸಿಕೊಂಡರೆ ಅರ್ಥವಾಗುತ್ತದೆ. ಹೊರಗಿನವರಿಗೆ ಗೊತ್ತಿರುವುದು ಹಾಸ್ಟೆಲಿನ ವಿಳಾಸ ಮಾತ್ರ, ರೂಮ್ ನಂಬರ್ ಅಲ್ಲ. ಒಳಗಿನವನು ಪಿಜ್ಜಾ ಆರ್ಡರ್ ಮಾಡಿ ವಾಚ್‌ಮನ್ ಪುಸ್ತಕದಲ್ಲಿ ಬರೆಸಿದ್ದರೆ ತಂದವನನ್ನು ಒಳಗೆ ಬಿಡುತ್ತಾರೆ. ಪುಸ್ತಕದಲ್ಲಿ ಇಲ್ಲದ ಹೆಸರು ಹೇಳಿಕೊಂಡು ಬಂದವನನ್ನು ಹಾಗೇ ಕಳಿಸುತ್ತಾರೆ. ಯೂಟ್ಯೂಬ್ ಪಿಜ್ಜಾ ಇದ್ದ ಹಾಗೆ, ನಾವು ಕೇಳಿದ್ದು ಬರುತ್ತದೆ. ಆದರೆ ಟೆಕ್ಕೆನ್‌ನಂಥ ಇಬ್ಬರ ಆಟದಲ್ಲಿ ಎರಡು ಮನೆಯ ಯಂತ್ರಗಳು ನೇರವಾಗಿ ಒಂದಕ್ಕೊಂದು ಮಾತಾಡಬೇಕು. ಅಂದರೆ ಯಾರಾದರೂ ಒಬ್ಬರ ಬಾಗಿಲು ತಟ್ಟಲು ಸಿಗಬೇಕು. ನಾನು ಪೋರ್ಟ್ ತೆರೆದಿದ್ದು ನಮ್ಮ ಮನೆಯ ಗೇಟ್. ಸಿಜಿನ್ಯಾಟ್ ಇದ್ದಾಗ ಬಡಾವಣೆಗೇ ಇನ್ನೊಂದು ಗೇಟ್ ಇರುತ್ತದೆ, ಅದರ ಬೀಗ ಕಂಪನಿಯ ಹತ್ತಿರ. ಅಪರಿಚಿತರಲ್ಲಿ ಯಾರ ಬಾಗಿಲು ತೆರೆದಿತ್ತೋ ಅವರ ಜೊತೆ ನನಗೆ ಪಂದ್ಯ ಸಿಕ್ಕಿತು. ಅಣ್ಣ ಇದ್ದದ್ದು ಪಿಜಿಯ ಹಂಚಿಕೆಯ ರೂಟರಿನ ಹಿಂದೆ. ಎರಡೂ ಕಡೆ ಗೇಟ್ ಹಾಕಿದ್ದರೆ ತಟ್ಟುವವರು ಯಾರು, ತೆಗೆಯುವವರು ಯಾರು?

ಕಂಪನಿಗಳು ಇದನ್ನು ದುಷ್ಟತನದಿಂದ ಮಾಡುತ್ತಿಲ್ಲ, ಅದನ್ನೂ ಹೇಳಬೇಕು. ಹಳೆಯ ಐಪಿವಿ4 ವಿಳಾಸ 32 ಬಿಟ್‌ನದು. ಒಟ್ಟು ಸುಮಾರು 430 ಕೋಟಿ ಮಾತ್ರ ಸಾಧ್ಯ. ಜಾಗತಿಕ ದಾಸ್ತಾನಿನ ಕೊನೆಯ ಕಂತುಗಳು 2011ರ ಫೆಬ್ರವರಿ 3ರಂದು ಹಂಚಿಹೋದವು. ಏಷ್ಯಾ-ಪೆಸಿಫಿಕ್ ಭಾಗದ ಸಂಸ್ಥೆ ಅದೇ ಏಪ್ರಿಲ್‌ನಲ್ಲಿ ತನ್ನ ಕೊನೆಯ ಕಂತಿಗೆ ಬಂದು ಪಡಿತರ ಶುರು ಮಾಡಿತು. ಆಗ ನಾನು ಒಂದನೇ ಕ್ಲಾಸು. 2012ರಲ್ಲಿ 100.64ರಿಂದ 100.127ರವರೆಗಿನ ಸುಮಾರು 42 ಲಕ್ಷ ವಿಳಾಸಗಳನ್ನು ಈ ಹಂಚಿಕೆಯ ವ್ಯವಸ್ಥೆಗೆಂದೇ ಎತ್ತಿಟ್ಟರು. ನಮ್ಮ ರೂಟರ್ ತೋರಿಸಿದ್ದು ಆ ಗುಂಪಿನದೇ. ಹೊಸ ಐಪಿವಿ6 128 ಬಿಟ್‌ನದು, ಅದರಲ್ಲಿ ಕೊರತೆಯ ಮಾತಿಲ್ಲ, ಮತ್ತು ಅದನ್ನು ಬಳಸುವುದರಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ. ಆದರೆ ಹಳೆಯ ಉಪಕರಣ, ಹಳೆಯ ಆಟಗಳು ಇನ್ನೂ ಹಳೆಯ ವಿಳಾಸವನ್ನೇ ಕೇಳುತ್ತವೆ.

ನನ್ನ ತಕರಾರು ಹಂಚುವುದರ ಬಗ್ಗೆ ಅಲ್ಲ, ಹೇಳದೇ ಹಂಚುವುದರ ಬಗ್ಗೆ. ಸಂಪರ್ಕ ಕೊಡುವ ದಿನ ವೇಗ ಎಷ್ಟು, ಬೆಲೆ ಎಷ್ಟು, ಯಾವ ಯಾವ ಒಟಿಟಿ ಫ್ರೀ ಅಂತ ಬಣ್ಣದ ಕಾಗದ ಕೊಟ್ಟರು. ನಿಮ್ಮ ವಿಳಾಸ ಸ್ವಂತದ್ದೋ ಹಂಚಿಕೆಯದ್ದೋ ಎಂಬ ಒಂದು ಸಾಲು ಅದರಲ್ಲಿರಲಿಲ್ಲ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು ಬೇಕಾದ ಕನಿಷ್ಠ ಡೌನ್‌ಲೋಡ್ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಒಳ್ಳೆಯದೇ. ಆದರೆ ವೇಗವೊಂದೇ ಸಂಪರ್ಕ ಅಲ್ಲ. ಟೆಕ್ಕೆನ್‌ನಲ್ಲಿ ಸೆಕೆಂಡಿಗೆ 60 ಚಿತ್ರ, ಒಂದೊಂದಕ್ಕೆ 17 ಮಿಲಿಸೆಕೆಂಡೂ ಇಲ್ಲ. ಅದಕ್ಕೆ ಬೇಕಾದ್ದು ದೊಡ್ಡ ಪೈಪ್ ಅಲ್ಲ. ಬೇಗ ಹೋಗಿ ಬೇಗ ಬರುವ ದಾರಿ ಮತ್ತು ತಟ್ಟಲು ಒಂದು ಬಾಗಿಲು.

ಇದು ಆಟದ ಹುಡುಗರ ಗೋಳು ಅಂತ ಪುಟ ತಿರುವುವವರಿಗೆ ಒಂದು ಮಾತು. ನನ್ನ ಕ್ಲಾಸ್‌ಮೇಟ್ ಒಬ್ಬ ತೋಟದ ಪಂಪ್‌ಸೆಟ್ ನಿಯಂತ್ರಿಸುವ ಪ್ರಾಜೆಕ್ಟ್ ಮಾಡಿದ. ಮನೆಯಲ್ಲೇ ಸರ್ವರ್ ಇಟ್ಟಿದ್ದ. ಮನೆಯ ವೈಫೈನಲ್ಲಿ ಸೊಗಸಾಗಿ ಓಡಿದ್ದು ಕಾಲೇಜಿನಲ್ಲಿ ಡೆಮೊ ದಿನ ತೆರೆಯಲೇ ಇಲ್ಲ. ಕೋಡ್ ತಪ್ಪಿದೆ ಅಂತ ಎರಡು ರಾತ್ರಿ ನಿದ್ದೆಗೆಟ್ಟ. ಈಗ ಗೊತ್ತಾಗಿದೆ, ಅವನದೂ ಅದೇ ಗೇಟ್. ನೀವೂ ಈಗಲೇ ನೋಡಿಕೊಳ್ಳಬಹುದು: ರೂಟರ್ ತೋರಿಸುವ ಹೊರಗಿನ ವಿಳಾಸವೂ ಇಂಟರ್ನೆಟ್ಟಿಗೆ ಕಾಣುವ ನಿಮ್ಮ ಐಪಿವಿ4 ವಿಳಾಸವೂ ಒಂದೇ ಆಗಿದ್ದರೆ ಬಾಗಿಲು ನಿಮ್ಮದೇ. ಬೇರೆ ಇದ್ದು, ರೂಟರಿನದು 10ರಿಂದ ಅಥವಾ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಪೋರ್ಟ್ ತೆರೆಯುತ್ತಾ ರಾತ್ರಿ ಕಳೆಯಬೇಡಿ.

ಇನ್ನು ನಮ್ಮ ಲ್ಯಾಬ್ ವಿಷಯ. ಲೀಕಿ ಬಕೆಟ್ ಪ್ರೋಗ್ರಾಂ ನನಗೆ ಕಣ್ಣು ಮುಚ್ಚಿ ಬರೆಯಲು ಬರುತ್ತದೆ. ಕೆಟ್ಟ ಒಂದು ಸಂಪರ್ಕವನ್ನು ಎದುರಿಗೆ ಇಟ್ಟು 'ಎಲ್ಲಿ ಹೋಗಿದೆ ಹೇಳು' ಅಂತ ಯಾರೂ ಕೇಳಿಲ್ಲ. ಬೇಕೆಂದೇ ಒಂದು ಕೇಬಲ್ ಸಡಿಲ ಮಾಡಿ, ಒಂದು ವಿಳಾಸ ತಪ್ಪು ಹಾಕಿ, ಹುಡುಕಿದವರಿಗೆ ಅಂಕ ಕೊಡುವ ಒಂದೇ ಒಂದು ವಾರ ಇಟ್ಟರೂ ಸಾಕು. ಸೀನಿಯರ್‌ಗಳು ಇಂಟರ್‌ವ್ಯೂ ಮುಗಿಸಿ ಬಂದು ಹೇಳುವ ಪ್ರಶ್ನೆಗಳೂ ಈಗ ಹೀಗೇ ಇವೆ: ಸೈಟ್ ತೆರೀತಿಲ್ಲ, ಮೊದಲು ಏನು ನೋಡ್ತೀರಿ? ನಾನಾಗಿದ್ದರೆ ರೂಟರ್ ರೀಸೆಟ್ ಮಾಡ್ತೀನಿ ಅಂದುಬಿಡುತ್ತಿದ್ದೆನೇನೋ.

ಲೈನಿನವರೇ ದಾರಿಯನ್ನೂ ಹೇಳಿದರು. ಸ್ವಂತ ಐಪಿ ಕೇಳಿ, ತಿಂಗಳಿಗೆ ಇನ್ನೂರು ಹೆಚ್ಚಾಗುತ್ತದೆ. ಕಸ್ಟಮರ್ ಕೇರ್‌ನ ಐದು ಜನರಲ್ಲಿ ಒಬ್ಬರೂ ಹೀಗೊಂದು ವ್ಯವಸ್ಥೆ ಇದೆ ಅಂದಿರಲಿಲ್ಲ. 'ಬಾಗಿಲು ಹೊರಗೆ ಕಾಣುತ್ತೆ ಅಂದ್ಮೇಲೆ ಡಿಎಂಝಡ್ ತೆಗೀರಿ, ರೂಟರಿನ ಪಾಸ್‌ವರ್ಡೂ ಬದಲಾಯಿಸಿ' ಅಂತಲೂ ಎಚ್ಚರಿಸಿದರು. ಇನ್ನೂರು ರೂಪಾಯಿಗೆ ಅಪ್ಪ ಒಪ್ಪುತ್ತಾರೆ ಅಂತ ನನಗೆ ನಂಬಿಕೆ ಇರಲಿಲ್ಲ. ಆಟಕ್ಕೆ ಅಂತ ಕೇಳಿದರೆ ಖಂಡಿತ ಇಲ್ಲ. 'ಅಣ್ಣ ಮಾತಾಡ್ತಾನೆ ಅಪ್ಪ' ಅಂದೆ. ಅವರು ಸ್ವಲ್ಪ ಹೊತ್ತು ಪೇಪರ್ ನೋಡಿ, 'ಮೂರು ತಿಂಗಳು ನೋಡೋಣ' ಅಂದರು.

ಮುಂದಿನ ಭಾನುವಾರ ಟೆಸ್ಟ್‌ನಲ್ಲಿ ಟೈಪ್ 2 ಬಂತು. ಒಂಬತ್ತು ಗಂಟೆಗೆ ಅಣ್ಣ ಸಿಕ್ಕಿದ. ಮೂರನೇ ಪಂದ್ಯದ ಮಧ್ಯೆ, ಕೆಲಸ ಸೇರಿದಾಗಿನಿಂದ ರಾತ್ರಿ ಪಾಳಿ ಹಾಕಿದ್ದಾರೆ, ನಿದ್ದೆ ಸರಿಯಾಗ್ತಿಲ್ಲ ಅಂತ ಹೇಳಿದ. ಫೋನಿನಲ್ಲಿ ಇಷ್ಟು ದಿನ 'ಎಲ್ಲ ಆರಾಮ್' ಅಂತಿದ್ದವನು. ಪಕ್ಕದಲ್ಲಿ ಕೂತಿದ್ದ ಅಮ್ಮ ನನ್ನ ಮುಖ ನೋಡಿ ಹೆಡ್‌ಸೆಟ್ ಕಿತ್ತುಕೊಂಡು, 'ಏನಂತೆ? ರಾತ್ರಿ ಏನು ತಿಂದೆ ನೀನು?' ಅಂತ ಶುರು ಮಾಡಿದರು. ಅವನು ಉತ್ತರ ಹುಡುಕುವಷ್ಟರಲ್ಲಿ ನಾನು ಆ ರೌಂಡ್ ಗೆದ್ದೆ.

'ಲ್ಯಾಗ್ ಕಣೋ' ಅಂದನಂತೆ. ಅಮ್ಮ ಅದನ್ನು ಹಾಗೇ ನನಗೆ ದಾಟಿಸಿದರು. ಪರದೆಯಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿ ಇದ್ದವು.