ಮಿಷನ್ ಸ್ಕೂಲಿನ ಹಳೇ ರಿಜಿಸ್ಟರು ಗೆದ್ದಲಿನ ಪಾಲಾಗಬೇಕಾ?

ಮೊನ್ನೆ ನಮ್ಮೂರಿನ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ‘ಮಿಷನ್ ಸ್ಕೂಲ್ ಅಂದರೆ ಮತಾಂತರದ ಅಂಗಡಿ’ ಅಂತ. ಕೆಳಗೆ ಸಾಲಾಗಿ ಹೆಬ್ಬೆಟ್ಟು. ಹಾಗೆ ಹೆಬ್ಬೆಟ್ಟು ಒತ್ತಿದವರಲ್ಲಿ ಕೆಲವರ ತಾತಂದಿರು ನಿಜವಾದ ಹೆಬ್ಬೆಟ್ಟು ಬಿಟ್ಟು ಸಹಿ ಹಾಕುವುದನ್ನು ಕಲಿತದ್ದೇ ಮಿಷನ್ ಸ್ಕೂಲಿನಲ್ಲಿ. ಅದಕ್ಕೆ ಇನ್ನೊಬ್ಬರ ಉತ್ತರ: ‘ದೊರೆಗಳು ಬರದಿದ್ದರೆ ನಾವೆಲ್ಲ ಕತ್ತಲಲ್ಲೇ ಇರ್ತಿದ್ವಿ.’

ಎರಡನ್ನೂ ಓದಿ ಸಿಟ್ಟು ಬಂತು. ಒಬ್ಬರಿಗೆ ಪಾದ್ರಿಯೊಬ್ಬನೇ ಕಳ್ಳ, ಇನ್ನೊಬ್ಬರಿಗೆ ಪಾದ್ರಿಯೊಬ್ಬನೇ ದೇವರು. ಬೆಂಚಿನ ಮೇಲೆ ಕೂತಿದ್ದ ಮಕ್ಕಳು ಇಬ್ಬರ ಕಣ್ಣಿಗೂ ಬಿದ್ದಿಲ್ಲ.

ಕೋಲಾರದ ಕತೆಯನ್ನೇ ನೋಡಿ. 1876ರಿಂದ 1878ರವರೆಗೆ ಭಾರಿ ಬರ. ಹಳಬರು ಧಾತು-ಈಶ್ವರ ಬರ ಅನ್ನುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ ದಾಟಿದ್ದರು. 1881ರಲ್ಲಿ ಮತ್ತೆ ಎಣಿಸಿದಾಗ 42 ಲಕ್ಷವೂ ಇರಲಿಲ್ಲ. ಹತ್ತು ವರ್ಷದಲ್ಲಿ ಹೆಚ್ಚಬೇಕಾದ ಜನ ಎಂಟು ಲಕ್ಷಕ್ಕೂ ಮಿಕ್ಕಿ ಕಡಿಮೆಯಾಗಿದ್ದರು. ಆಗ ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳನ್ನು ಕೋಲಾರದಲ್ಲಿ ಕೂಡಿಸಿ ಅನ್ನ ಹಾಕಿದವರು ಮಿಸ್ ಆನ್‌ಸ್ಟಿ ಎಂಬ ಇಂಗ್ಲೆಂಡಿನ ಹೆಂಗಸು. 1890ರಲ್ಲಿ ಅವರು ಆ ಕೆಲಸವನ್ನು ಅಮೆರಿಕದ ಮೆಥೋಡಿಸ್ಟ್ ಮಿಷನ್ನಿಗೆ ಒಪ್ಪಿಸಿದರು. ಕೋಲಾರದ ಮೆಥೋಡಿಸ್ಟ್ ಶಾಲೆಗಳ ಬೇರು ಆ ಹಸಿದ ಮಕ್ಕಳಲ್ಲಿದೆ. 1910ರಲ್ಲಿ ಆಸ್ಪತ್ರೆ ಬಂತು. ಅದನ್ನೇ ನಾವು ಇವತ್ತಿಗೂ ಇಟಿಸಿಎಂ ಅನ್ನುವುದು. ನರ್ಸಿಂಗ್ ಕಾಲೇಜೂ ಅದೇ ಹೆಸರಲ್ಲಿದೆ. ಎಲೆನ್ ಥೋಬರ್ನ್ ಕೋವೆನ್ ಎಂಬುವರ ನೆನಪಿಗೆ ಇಟ್ಟ ಹೆಸರು ಅದು. ಅದೇ ಥೋಬರ್ನ್ ಮನೆತನದ ಇಸಬೆಲ್ಲಾ 1870ರಲ್ಲಿ ಲಖನೌನ ಅಮೀನಾಬಾದ್ ಬಜಾರಿನಲ್ಲಿ ಬೆರಳೆಣಿಕೆಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಶಾಲೆ ಶುರು ಮಾಡಿದರು. ಮುಂದೆ ಅದೇ ಹೆಣ್ಣುಮಕ್ಕಳ ಕಾಲೇಜಾಯಿತು.

ಈಗ ಮತಾಂತರದ ಮಾತು. ನಡೆಯಿತು. ಮುಚ್ಚಿಡುವುದೇನಿಲ್ಲ. ಮಿಷನ್ನಿನವರೇ ಅದನ್ನು ಮುಚ್ಚಿಟ್ಟಿರಲಿಲ್ಲ, ಅವರು ಬಂದದ್ದೇ ಅದಕ್ಕೆ. ಹಸಿದ ಮಗುವಿನ ಮುಂದೆ ಅನ್ನದ ತಟ್ಟೆಯ ಜೊತೆ ಹೊಸ ದೇವರನ್ನೂ ಇಟ್ಟರೆ ಆ ಮಗುವಿಗೆ ಬೇಡ ಅನ್ನುವ ಶಕ್ತಿ ಇರುತ್ತದಾ? ಈ ಪ್ರಶ್ನೆಯನ್ನು ಮಿಷನ್ನಿನ ಗುಣಗಾನ ಮಾಡುವವರು ಎದುರಿಸಲೇಬೇಕು.

ಆದರೆ ಫಾರ್ವರ್ಡ್ ಮಾಡುವ ಅಣ್ಣಂದಿರಿಗೂ ಒಂದು ಪ್ರಶ್ನೆ ಇದೆ. ಆಗ ಬೇರೆ ಬಾಗಿಲು ಎಲ್ಲಿ ತೆರೆದಿತ್ತು? 1856ರ ಜೂನ್‌ನಲ್ಲಿ ನಮ್ಮದೇ ಧಾರವಾಡದಲ್ಲಿ ಮಹಾರ್ ಜಾತಿಯ ಹುಡುಗನೊಬ್ಬ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಕೇಳಿದ. ಸೇರಿಸಲಿಲ್ಲ. ಅರ್ಜಿ ಬೊಂಬಾಯಿ ಸರ್ಕಾರದವರೆಗೆ ಹೋಯಿತು. ಒಬ್ಬನಿಗೋಸ್ಕರ ಉಳಿದವರು ಶಾಲೆ ಬಿಟ್ಟಾರು ಅಂತ ದೊಡ್ಡವರು ಹಿಂಜರಿದರು. ಶಾಲೆ ಸರ್ಕಾರದ್ದು, ಬಾಗಿಲು ಜಾತಿಯದ್ದು. ಆ ಬಾಗಿಲನ್ನು ಹಾಕಿದವರ ಬಗ್ಗೆ ಒಂದೇ ಒಂದು ಫಾರ್ವರ್ಡ್ ಯಾಕೆ ಬರಲ್ಲ?

ಇದೆಲ್ಲ ಹಳೇ ಜಗಳ, ನಮಗ್ಯಾಕೆ ಅನ್ನಬೇಡಿ. ಇದು ಇವತ್ತಿನ ಹೊಟ್ಟೆಪಾಡಿನ ವಿಷಯ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸೌಲಭ್ಯ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ. ಕ್ರೈಸ್ತರಾದವರಿಗೆ ಇಲ್ಲ. ಕರ್ನಾಟಕದಲ್ಲಿ ಅವರು ಹಿಂದುಳಿದವರ ಪ್ರವರ್ಗ-1ರಲ್ಲಿ ಬರುತ್ತಾರೆ. ಅದಕ್ಕೂ ದಾಖಲೆ ಬೇಕು. ದಾಖಲೆ ಅಂದರೆ ಏನು? ತಾತನ ಹೆಸರು, ಜಾತಿ, ಹುಟ್ಟಿದ ತಾರೀಖು ಬರೆದಿರುವ ಶಾಲೆಯ ಅಡ್ಮಿಷನ್ ರಿಜಿಸ್ಟರು. ಮಿಷನ್ ಸ್ಕೂಲಿನಲ್ಲಿ ಕಲಿತ ಎಲ್ಲ ಜಾತಿಯವರಿಗೂ ಆ ಪುಸ್ತಕ ಬೇಕೇಬೇಕು.

ನನ್ನದೇ ಅನುಭವ ಹೇಳುತ್ತೇನೆ. ಸಂಬಂಧಿಕರೊಬ್ಬರ ಜಾತಿ ಪ್ರಮಾಣಪತ್ರಕ್ಕಾಗಿ ಹಳೇ ಅನುದಾನಿತ ಶಾಲೆಯೊಂದಕ್ಕೆ ಹೋಗಿದ್ದೆ. ಹೆಸರು ಬೇಡ. ಗುಮಾಸ್ತರು ಬೀರು ತೆಗೆದರೆ ಮಣ್ಣು ಉದುರಿತು. ನಮಗೆ ಬೇಕಾದ ವರ್ಷದ ರಿಜಿಸ್ಟರನ್ನು ಗೆದ್ದಲು ಅರ್ಧ ತಿಂದಿತ್ತು. ಉಳಿದರ್ಧದಲ್ಲಿ ನಮ್ಮ ದೊಡ್ಡಪ್ಪನ ಹೆಸರಿರಲಿಲ್ಲ. ಅದೇ ಕೋಣೆಯ ಗೋಡೆಯ ಮೇಲೆ ಸಂಸ್ಥಾಪಕರ ಫೋಟೋ ಮಾತ್ರ ಗಾಜಿನ ಚೌಕಟ್ಟಿನಲ್ಲಿ ಫಳಫಳ ಹೊಳೆಯುತ್ತಿತ್ತು. ದೊಡ್ಡಪ್ಪನ ಮೊಮ್ಮಗಳು ನಾಡಕಚೇರಿಗೆ ಅಲೆಯುವುದು ಇನ್ನೂ ನಿಂತಿಲ್ಲ.

ಅದಕ್ಕೇ ಹಳೇ ಶಾಲೆ ನಡೆಸುವ ಆಡಳಿತ ಮಂಡಳಿಗಳಿಗೆ, ಅದು ಮಿಷನ್ನಿನದಾಗಲಿ ಮಠದ್ದಾಗಲಿ, ನೇರವಾಗಿ ಹೇಳುತ್ತೇನೆ. ಶತಮಾನೋತ್ಸವಕ್ಕೆ ಕಮಾನು ಕಟ್ಟುವ ಮೊದಲು ರಿಜಿಸ್ಟರುಗಳನ್ನು ಸ್ಕ್ಯಾನ್ ಮಾಡಿಸಿ. ಸ್ಮರಣ ಸಂಚಿಕೆಯಲ್ಲಿ ಬಿಷಪ್ಪರ, ಸ್ವಾಮಿಗಳ, ಶಾಸಕರ ಫೋಟೋ ನಾಲ್ಕು ಕಡಿಮೆಯಾದರೂ ಪರವಾಗಿಲ್ಲ, ಮೊದಲ ತಲೆಮಾರಿನಲ್ಲಿ ಓದಿದ ಮಕ್ಕಳ ಬದುಕು ಬರೆಯಿಸಿ. ಶಿಕ್ಷಣ ಇಲಾಖೆಯೂ ಬರೀ ಹಾಜರಾತಿ ತಪಾಸಣೆ ಮಾಡಿ ಹೋಗದೆ ಆ ಬೀರುವನ್ನೂ ಒಮ್ಮೆ ತೆಗೆಸಿ ನೋಡಲಿ.

ಓದುಗರೇ, ನಿಮ್ಮ ಕೈಯಲ್ಲೂ ಫೋನಿದೆ. ನಿಮ್ಮ ಮನೆಯಲ್ಲಿ ಮಿಷನ್ ಸ್ಕೂಲಿಗೆ ಹೋಗಿದ್ದ ಅಜ್ಜಿ ಇದ್ದರೆ ಇವತ್ತು ರಾತ್ರಿ ಊಟವಾದ ಮೇಲೆ ಹತ್ತಿರ ಕೂತು ಕೇಳಿ, ರೆಕಾರ್ಡ್ ಮಾಡಿಕೊಳ್ಳಿ. ಯಾರ ಪಕ್ಕ ಕೂರಿಸಿದ್ದರು, ನೀರು ಯಾರು ಕೊಡುತ್ತಿದ್ದರು, ಪ್ರಾರ್ಥನೆ ಏನು ಹೇಳಿಸುತ್ತಿದ್ದರು, ಶಾಲೆ ಯಾಕೆ ಬಿಟ್ಟರು ಅಂತ ಕೇಳಿ. ಹಳೇ ಟಿಸಿ ಇದ್ದರೆ ಫೋಟೋ ತೆಗೆದು ಭದ್ರವಾಗಿಡಿ, ಗ್ರೂಪಿಗೆ ಮಾತ್ರ ಹಾಕಬೇಡಿ.

ಮುಂದಿನ ಸಲ ಅಂಥ ಫಾರ್ವರ್ಡ್ ಬಂದಾಗ ಹೆಬ್ಬೆಟ್ಟು ಒತ್ತುವ ಮೊದಲು ಅಜ್ಜಿ ಹೇಳಿದ್ದನ್ನು ಒಂದು ಸಲ ಕೇಳಿಸಿಕೊಳ್ಳಿ. ಆಮೇಲೂ ಒತ್ತಬೇಕು ಅನ್ನಿಸಿದರೆ ಒತ್ತಿ.